ಎರಡು ವರ್ಷದ ಕಂಪನಿ ಫೈಲಿಂಗ್ ಬಾಕಿ. ಡಿಸೆಂಬರ್ 31ರೊಳಗೆ ಹಾಕಿದರೆ ಲೇಟ್ ಫೀ ನಿಜವಾಗಿ ಇಲ್ವಾ?

ಪೆರ್ಲದ ಹಾಳೆತಟ್ಟೆ
2020 ನವೆಂಬರ್ 17

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಘಟಕ. 2015ರಲ್ಲಿ ನಾನು, ತಂಗಿಯ ಗಂಡ, ದೊಡ್ಡಪ್ಪನ ಮಗ ಮೂವರು ಸೇರಿ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡೆವು. ಪಾಲುದಾರಿಕೆಯೇ ಸಾಕಿತ್ತು, ಆದರೆ ಬೆಂಗಳೂರಿನಲ್ಲಿ ಮಾಲು ತೆಗೆಯುವವರು ಕಂಪನಿ ಬಿಲ್ಲೇ ಬೇಕು ಅಂದರು. ಬೋರ್ಡ್ ಬರೆಸಿದಾಗ ಖುಷಿಯೇ ಆಗಿತ್ತು. ಅಧಿಕೃತ ಬಂಡವಾಳ 10 ಲಕ್ಷ. ವಹಿವಾಟು ವರ್ಷಕ್ಕೆ 30 ಲಕ್ಷದ ಆಚೀಚೆ.

ಮಂಗಳೂರಿನ ಒಬ್ಬ ಆಡಿಟರ್ 2016-17ರವರೆಗೆ ಎಲ್ಲ ಮಾಡಿಕೊಟ್ಟರು. ಆಮೇಲೆ ಅವರು ಆಫೀಸು ಬದಲಿಸಿದರು, ಫೋನ್ ಎತ್ತುವುದು ಕಡಿಮೆಯಾಯಿತು. ನಾವೂ ಬೆನ್ನು ಹತ್ತಲಿಲ್ಲ. ಆದಾಯ ತೆರಿಗೆ, ಜಿಎಸ್‌ಟಿ ಎರಡನ್ನೂ ಇಲ್ಲಿಯ ಒಬ್ಬರು ಮಾಡುತ್ತಿದ್ದರು, ಅಷ್ಟಾದರೆ ಎಲ್ಲ ಆಯಿತು ಅಂತ ತಿಳಿದಿದ್ದೆವು. ಕಂಪನಿ ಇಲಾಖೆಗೆ ಬೇರೆಯೇ ಕೊಡಬೇಕು ಅಂತ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ, ಗೊತ್ತಿತ್ತು, ಮರೆತೆವು. ಇಲಾಖೆಯ ಮೇಲ್ ಎಲ್ಲ ಆ ಆಡಿಟರ್ ಆಫೀಸಿನ ಮೇಲ್ ಐಡಿಗೆ ಹೋಗುತ್ತಿತ್ತು ಅಂತ ಮೊನ್ನೆ ಗೊತ್ತಾಯಿತು. ಈ ಮಾರ್ಚಿನಲ್ಲಿ ಹೋಗಿ ಫೈಲ್ ತರೋಣ ಅಂತ ಹೊರಟರೆ ಗಡಿಯ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಹಾಕಿ ಮುಚ್ಚಿದರು. ಆಸ್ಪತ್ರೆಗೆ ಹೋಗುವ ಆಂಬುಲೆನ್ಸನ್ನೇ ಬಿಡದ ದಿನಗಳು ಅವು, ನಮ್ಮ ಫೈಲ್ ಯಾರಿಗೆ ಬೇಕು.

ಮೊನ್ನೆ ದೀಪಾವಳಿಗೆ ಬಂದ ನೆಂಟರೊಬ್ಬರು ಮೊಬೈಲಿನಲ್ಲೇ ನಮ್ಮ ಕಂಪನಿ ಹೆಸರು ಹಾಕಿ ನೋಡಿ, 2017-18 ಮತ್ತು 2018-19 ಎರಡೂ ಬಾಕಿ ಅಂದರು. ಒಂದು ಫಾರ್ಮಿಗೆ ದಿನಕ್ಕೆ 100 ರೂಪಾಯಿ ಅಂತೆ. ವರ್ಷಕ್ಕೆ ಎರಡರ ಹಾಗೆ ನಾಲ್ಕು ಫಾರ್ಮು. ಲೆಕ್ಕ ಹಾಕಿದರೆ 2 ಲಕ್ಷ ದಾಟುತ್ತದೆ. ಕೋಳಿಕಟ್ಟದಲ್ಲಿ ಸೋತರೂ ಇಷ್ಟು ಹೋಗುತ್ತಿರಲಿಲ್ಲ. ಈ ವರ್ಷ ಮದುವೆ ಇಲ್ಲ, ಬ್ರಹ್ಮಕಲಶ ಇಲ್ಲ, ಮಾಡಿಟ್ಟ ತಟ್ಟೆಗೆ ಮಳೆಗಾಲದಲ್ಲಿ ಬೂಸಲು ಬಂದು ಅರ್ಧ ಗೊಬ್ಬರಕ್ಕೆ ಹೋಗಿದೆ.

ಅವರೇ ಹೇಳಿದರು, ಏನೋ ಫ್ರೆಶ್ ಸ್ಟಾರ್ಟ್ ಅಂತ ಸ್ಕೀಮ್ ಇದೆ, ಡಿಸೆಂಬರ್ 31ರೊಳಗೆ ಹಾಕಿದರೆ ಲೇಟ್ ಫೀ ಪೂರ್ತಿ ಮಾಫಿ ಅಂತ. ಇದು ನಿಜವಾ? ಪೂರ್ತಿ ಅಂದರೆ ಪೂರ್ತಿಯಾ? ಭಾವ (ತಂಗಿಯ ಗಂಡ) ಹೇಳುವುದು, ಸುಮ್ನೆ ಕಂಪನಿಯನ್ನೇ ಮುಚ್ಚಿಬಿಡೋಣ, ತಟ್ಟೆ ಮಾಡುವುದಕ್ಕೆ ಕಂಪನಿ ಯಾಕೆ ಅಂತ. ಅವರು ಮುಳ್ಳೇರಿಯದಲ್ಲಿ ಇನ್ನೊಂದು ಕಂಪನಿಯಲ್ಲೂ ಡೈರೆಕ್ಟರ್. ಮುಚ್ಚುವುದು ಒಳ್ಳೆಯದಾ, ಹಾಕುವುದು ಒಳ್ಳೆಯದಾ? ಇದಕ್ಕೆಲ್ಲ ಕೊಚ್ಚಿಗೆ ಹೋಗಬೇಕಾ?


ಗಡಿನಾಡ ಲೆಕ್ಕಿಗ
2020 ನವೆಂಬರ್ 17

ನಿಜ. ಕಂಪನೀಸ್ ಫ್ರೆಶ್ ಸ್ಟಾರ್ಟ್ ಸ್ಕೀಮ್ 2020. ಮಾರ್ಚ್ 30ರ ಸುತ್ತೋಲೆ, ಏಪ್ರಿಲ್ 1ರಿಂದ ಜಾರಿ. ಮೊದಲು ಸೆಪ್ಟೆಂಬರ್ 30ಕ್ಕೆ ಮುಗಿಯಬೇಕಿತ್ತು, ಡಿಸೆಂಬರ್ 31ಕ್ಕೆ ಮುಂದೆ ಹಾಕಿದ್ದಾರೆ. ಲೇಟ್ ಫೀ ಪೂರ್ತಿ ಮಾಫಿ, ಪೂರ್ತಿ ಅಂದರೆ ಪೂರ್ತಿಯೇ. ಮಾಮೂಲಿ ಫೀ ಮಾತ್ರ. ನಿಮ್ಮ 10 ಲಕ್ಷದ ಬಂಡವಾಳಕ್ಕೆ ಫಾರ್ಮಿಗೆ 400 ರೂಪಾಯಿ. ನಾಲ್ಕು ಫಾರ್ಮಿಗೆ 1,600. 2 ಲಕ್ಷದ ಜಾಗದಲ್ಲಿ ನಾಲ್ಕು ಚೀಲ ಸಿಮೆಂಟಿನ ದುಡ್ಡು ಅಂದುಕೊಳ್ಳಿ. ಕೊಚ್ಚಿಗೆ ಹೋಗಬೇಕಾಗಿಲ್ಲ. ಕೇರಳದ ಕಂಪನಿಗಳ ರಿಜಿಸ್ಟ್ರಾರ್ ಇರುವುದು ಅಲ್ಲಿ ಹೌದು, ಆದರೆ ಎಲ್ಲ ಆನ್‌ಲೈನ್.

ಆದರೆ ಎರಡು ವಿಷಯ ಬೇರೆ ಬೇರೆ ಅಂತ ತಿಳಿದುಕೊಳ್ಳಿ, ಇದರಲ್ಲಿ ಹೆಚ್ಚಿನವರು ಎಡವುತ್ತಾರೆ. ದಿನಕ್ಕೆ 100 ಅನ್ನುವುದು ಲೇಟ್ ಫೀ. ಅದು 2018 ಜುಲೈ 1ರಿಂದ ಇದೆ, ಅದಕ್ಕೆ ಮಿತಿಯೇ ಇಲ್ಲ, ಹತ್ತು ವರ್ಷ ಬಿಟ್ಟರೆ ಹತ್ತು ವರ್ಷದ್ದೂ ಓಡುತ್ತದೆ. ಇದು ಫಾರ್ಮ್ ಹಾಕುವಾಗ ಚಲನಿನಲ್ಲೇ ಬರುತ್ತದೆ, ಈಗ ಸ್ಕೀಮಿನಲ್ಲಿ ಬರುವುದಿಲ್ಲ. ಇನ್ನೊಂದು ದಂಡ. ಅದನ್ನು ರಿಜಿಸ್ಟ್ರಾರ್ ನೋಟಿಸ್ ಕೊಟ್ಟು ಹಾಕುವುದು. ವಾರ್ಷಿಕ ರಿಟರ್ನ್ ಕೊಡದಿದ್ದರೆ 50,000, ಮೇಲೆ ದಿನಕ್ಕೆ 100, ಗರಿಷ್ಠ 5 ಲಕ್ಷ. ಇದು ಕಂಪನಿಗೂ, ಡೈರೆಕ್ಟರುಗಳಿಗೂ. ಲೆಕ್ಕಪತ್ರ ಕೊಡದಿದ್ದರೆ ಕಂಪನಿಗೆ ದಿನಕ್ಕೆ 1,000, ಗರಿಷ್ಠ 10 ಲಕ್ಷ. ನಿಮ್ಮಂಥ ಸಣ್ಣ ಕಂಪನಿಗೆ ಇದರ ಅರ್ಧದ ಮೇಲೆ ಹಾಕುವ ಹಾಗಿಲ್ಲ, ಆದರೂ ಅರ್ಧ ಏನು ಕಡಿಮೆಯಾ? ಈ ದಂಡದಿಂದ ತಪ್ಪಿಸಿಕೊಳ್ಳಲು ಬರೀ ಫಾರ್ಮ್ ಹಾಕಿದರೆ ಸಾಲದು. ಸ್ಕೀಮ್ ಮುಗಿದ ಮೇಲೆ, ಅಂದರೆ ಜನವರಿಯಿಂದ ಆರು ತಿಂಗಳ ಒಳಗೆ, ಸಿಎಫ್‌ಎಸ್‌ಎಸ್ ಅನ್ನುವ ಇನ್ನೊಂದು ಫಾರ್ಮ್ ಹಾಕಬೇಕು. ಫೀ ಇಲ್ಲ. ಹಾಕಿದರೆ ರಕ್ಷಣೆಯ ಸರ್ಟಿಫಿಕೇಟ್ ಬರುತ್ತದೆ. ಹಣ ಉಳಿಯಿತಲ್ಲಾ ಅಂತ ಈ ಕೊನೆಯ ಫಾರ್ಮ್ ಬಿಡುವವರು ತುಂಬಾ ಜನ ಇರುತ್ತಾರೆ ನೋಡಿ, ನಾನು ಈಗಲೇ ಬರೆದು ಇಡುತ್ತೇನೆ.

ಮುಚ್ಚುವ ಮಾತು ಬಿಡಿ. ತಟ್ಟೆ ಮಾರುತ್ತಾ ಇರುವ ಕಂಪನಿಯನ್ನು ಹಾಗೆ ಮುಚ್ಚಲು ಬರುವುದಿಲ್ಲ. ಹಿಂದಿನ ಎರಡು ಆರ್ಥಿಕ ವರ್ಷ ವ್ಯಾಪಾರವೇ ಮಾಡಿರಬಾರದು, ಸಾಲಸೋಲ ಎಲ್ಲ ತೀರಿಸಿರಬೇಕು, ಅರ್ಜಿಗೇ 10,000 ಫೀ. ತಮಾಷೆ ಏನೆಂದರೆ ಮುಚ್ಚುವುದಕ್ಕೂ ವ್ಯಾಪಾರ ನಿಲ್ಲಿಸಿದ ವರ್ಷದವರೆಗಿನ ಬಾಕಿ ಫಾರ್ಮ್ ಎಲ್ಲ ಹಾಕಿಯೇ ಇರಬೇಕು! ಹಾಕುವುದು ತಪ್ಪುವುದಿಲ್ಲ.

ಭಾವನಿಗೆ ಇದನ್ನು ಹೇಳಿ: ಸತತ ಮೂರು ವರ್ಷ ಫೈಲಿಂಗ್ ಮಾಡದ ಕಂಪನಿಯ ಡೈರೆಕ್ಟರುಗಳು ಐದು ವರ್ಷ ಯಾವ ಕಂಪನಿಗೂ ಡೈರೆಕ್ಟರ್ ಆಗುವ ಹಾಗಿಲ್ಲ. ಈಗ ಬೇರೆ ಕಡೆ ಇರುವ ಕುರ್ಚಿಯೂ ಹೋಗುತ್ತದೆ. ಮುಳ್ಳೇರಿಯದ ಕುರ್ಚಿ ಅದೇ. ನಿಮ್ಮದು ಎರಡು ವರ್ಷ ಆಗಿದೆ. ಮೂರನೆಯದು 2019-20, ಅದರ ಗಡುವು ಇನ್ನೂ ದಾಟಿಲ್ಲ, ಯಾಕೆಂದರೆ ಈ ಸಲ ವಾರ್ಷಿಕ ಸಭೆಗೇ ಡಿಸೆಂಬರ್ 31ರವರೆಗೆ ಸಮಯ ಕೊಟ್ಟಿದ್ದಾರೆ. ಸೀಟಿನ ತುದಿಯಲ್ಲಿ ಕೂತಿದ್ದೀರಿ, ಬಿದ್ದಿಲ್ಲ.

ಫೀ ಮಾಫಿ ಆದರೂ ಕೆಲಸ ಮಾಫಿ ಇಲ್ಲ. ಎರಡೂ ವರ್ಷದ ಆಡಿಟ್ ಆಗಿದೆಯಾ?


ಪೆರ್ಲದ ಹಾಳೆತಟ್ಟೆ
2020 ನವೆಂಬರ್ 18

ಆಗಿಲ್ಲ ಸರ್. ಟ್ಯಾಲಿಯಲ್ಲಿ ಎಂಟ್ರಿ ಇದೆ, ಬ್ಯಾಂಕ್ ಪಾಸ್‌ಬುಕ್ ಇದೆ. ಆಡಿಟ್ ಇಲ್ಲ. ಅದೇ ಹಳೇ ಆಡಿಟರ್ ಸಿಗುತ್ತಿಲ್ಲ. ಬೇರೆಯವರಲ್ಲಿ ಮಾಡಿಸಬಹುದಲ್ವಾ?


ಗಡಿನಾಡ ಲೆಕ್ಕಿಗ
2020 ನವೆಂಬರ್ 18

ಇಲ್ಲೇ ಗಂಟು ಇರುವುದು. ಆಡಿಟರನ್ನು ಐದು ವರ್ಷಕ್ಕೆ ನೇಮಿಸಿರುತ್ತೀರಿ. ಅವರು ತಾವಾಗಿ ರಾಜೀನಾಮೆ ಕೊಟ್ಟರೆ ಸುಲಭ: ಅವರು ರಾಜೀನಾಮೆಯ ಫಾರ್ಮ್ ಎಡಿಟಿ-3 ಹಾಕುತ್ತಾರೆ, ನೀವು ಬೋರ್ಡ್ ಸಭೆಯಲ್ಲಿ ಹೊಸಬರನ್ನು ತೆಗೆದುಕೊಂಡು, ಆಮೇಲೆ ಮೂರು ತಿಂಗಳ ಒಳಗೆ ಸದಸ್ಯರ ಸಭೆಯಲ್ಲಿ ಒಪ್ಪಿಗೆ ಪಡೆದು ನೇಮಕದ ಫಾರ್ಮ್ ಎಡಿಟಿ-1 ಹಾಕುವುದು. ಅವರು ಕೊಡದೆ ನೀವೇ ತೆಗೆಯಬೇಕಾದರೆ ಸರ್ಕಾರದ ಅನುಮತಿ ಬೇಕು, ವಿಶೇಷ ನಿರ್ಣಯ ಬೇಕು. ಅದು ಡಿಸೆಂಬರಿಗೆ ಆಗುವ ಹೋಗುವ ಮಾತಲ್ಲ. ಹೊಸಬರು ಕೂಡಾ ಹಳಬರಿಗೆ ಕಾಗದ ಬರೆದು ಕೇಳದೆ ಕೆಲಸ ಹಿಡಿಯುವ ಹಾಗಿಲ್ಲ, ಅದು ಅವರ ವೃತ್ತಿಯ ನಿಯಮ.

ಹಾಗಾಗಿ ಮೊದಲ ಕೆಲಸ ಅವರನ್ನು ಹುಡುಕುವುದು. ಫೋನ್ ಬೇಡ. ಮಂಗಳೂರಿಗೆ ಹೋಗಿ. ಅವರ ಹಳೇ ಆಫೀಸಿನ ಪಕ್ಕದ ಜೆರಾಕ್ಸ್ ಅಂಗಡಿಯವನಿಗೆ ಗೊತ್ತಿರುತ್ತದೆ, ನಿಜ ಹೇಳುತ್ತಿದ್ದೇನೆ. ಸಿಕ್ಕಿದರೆ ಜಗಳ ಮಾಡಬೇಡಿ. ಅವರೇ ಈ ಎರಡು ವರ್ಷಕ್ಕೆ ಸಹಿ ಹಾಕಿದರೆ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಬೈಯುವುದಿದ್ದರೆ ಜನವರಿಯಲ್ಲಿ ಬೈಯಿರಿ.

ಮತ್ತೆ, ಅವರ ಜೊತೆ ಬಾಕಿ ಫೀ ಏನಾದರೂ ಇತ್ತಾ? ಫೋನ್ ಎತ್ತದಿರಲು ಬಹಳ ಸಲ ಅದೇ ಕಾರಣ.


ಪೆರ್ಲದ ಹಾಳೆತಟ್ಟೆ
2020 ನವೆಂಬರ್ 18

ಹ್ಞೂಂ. ಸ್ವಲ್ಪ ಇತ್ತು. 😐


ಉಪ್ಪಳದಕ್ಕ
2020 ನವೆಂಬರ್ 19

ನಾವು ಸೆಪ್ಟೆಂಬರಿನಲ್ಲಿ ಇದೇ ಪಾಡು ಪಟ್ಟೆವು, ನಮ್ಮದು ಬೇಕರಿ. ಲೆಕ್ಕಿಗರು ಹೇಳಿದ್ದೆಲ್ಲ ಸರಿ, ಆದರೆ ಫಾರ್ಮ್ ಹಾಕುವ ದಿನ ಎದುರಾಗುವ ಸಣ್ಣ ಸಣ್ಣ ಮುಳ್ಳುಗಳನ್ನು ನಾನು ಹೇಳುತ್ತೇನೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಒಂದನೆಯದು ಡಿಜಿಟಲ್ ಸಹಿಯ ಪೆನ್‌ಡ್ರೈವ್. ಅದರ ಅವಧಿ ಖಂಡಿತಾ ಮುಗಿದಿರುತ್ತದೆ. ಈಗಲೇ ಹೊಸದು ಮಾಡಿಸಿ. ವಿಡಿಯೋದಲ್ಲಿ ಮುಖ ತೋರಿಸಿ ಮಾಡುತ್ತಾರೆ, ಒಂದೆರಡು ದಿನದ ಕೆಲಸ, ಆದರೆ ನಮ್ಮ ಕಡೆ ಹೆಸರಿನ ತಂಟೆ ಇದೆ ಅಲ್ವಾ. ನನ್ನ ಪ್ಯಾನಿನಲ್ಲಿ ಗಂಡನ ಹೆಸರು ಸೇರಿದೆ, ಆಧಾರಿನಲ್ಲಿ ಬರೀ ಇನಿಶಿಯಲ್, ಅದರ ಮೇಲೆ ಮಲಯಾಳದಲ್ಲಿ ಇನ್ನೊಂದು ಕಾಗುಣಿತ. ನನ್ನ ಮಾವನವರಿಗೆ ಮನೆ ಹೆಸರೇ ಮೊದಲ ಹೆಸರಾಗಿ ಕೂತಿತ್ತು. ಅದನ್ನು ಸರಿ ಮಾಡುವುದಕ್ಕೇ ಹನ್ನೊಂದು ದಿನ ಹೋಯಿತು.

ಆಮೇಲೆ ನಿಮ್ಮ ಡೈರೆಕ್ಟರ್ ನಂಬರಿನ ಕೆವೈಸಿ. ವರ್ಷಾ ವರ್ಷ ಮಾಡಬೇಕಾದದ್ದು. ಮಾಡದಿದ್ದರೆ ನಂಬರು ನಿಷ್ಕ್ರಿಯ ಆಗಿರುತ್ತದೆ, ಬೇರೆ ಸಮಯದಲ್ಲಿ ತಲಾ 5,000 ಕಟ್ಟಬೇಕು. ಈ ಸ್ಕೀಮಿನಲ್ಲಿ ಅದೂ ಇಲ್ಲ. ಮೂವರಿಗೆ 15,000 ಅಲ್ಲೇ ಉಳಿಯಿತು ನೋಡಿ.

ಮೂರನೆಯದು, ನಿಮ್ಮ ಕಂಪನಿ 2015ರದ್ದು ಅಂದಿರಿ. ಹಾಗಾದರೆ ಇಲಾಖೆಯ ವೆಬ್‌ಸೈಟಿನ ಮಾಸ್ಟರ್ ಡೇಟಾದಲ್ಲಿ ಹೆಸರಿನ ಕೆಳಗೆ ಆಕ್ಟಿವ್ ನಾನ್-ಕಂಪ್ಲಯಂಟ್ ಅಂತ ಇದೆಯಾ ನೋಡಿ. ಕಳೆದ ವರ್ಷ, 2017 ಡಿಸೆಂಬರ್ 31ರೊಳಗೆ ಆದ ಕಂಪನಿಗಳೆಲ್ಲ ಆಫೀಸಿನ ಫೋಟೋ ಕಳಿಸಬೇಕಿತ್ತು, ಐಎನ್‌ಸಿ-22ಎ. ಹೊರಗಿನಿಂದ ಕಟ್ಟಡ, ಒಳಗೆ ಕೂತ ಡೈರೆಕ್ಟರ್, ಅಕ್ಷಾಂಶ ರೇಖಾಂಶ ಎಲ್ಲ. ತಡವಾದರೆ 10,000. ಈಗ ಅದೂ ಮಾಫಿ. ಆದರೆ 2017-18ರ ಎರಡು ಫಾರ್ಮ್ ಹಾಕಿದ ಮೇಲೆಯೇ ಇದನ್ನು ಹಾಕಲು ಆಗುವುದು.

ಕಂಪನಿಯ ಮೇಲ್ ಐಡಿಯನ್ನು ನಿಮ್ಮದೇ ಮಾಡಿಕೊಳ್ಳಿ ದಯವಿಟ್ಟು. ಓಟಿಪಿ ಅದಕ್ಕೇ ಬರುವುದು. ನಮಗೆ ರಾತ್ರಿ ಹತ್ತಕ್ಕೆ ಓಟಿಪಿ ಬಿದ್ದದ್ದು ಮಂಗಳೂರಿನ ಯಾವುದೋ ಕ್ಲರ್ಕಿನ ಮೇಲಿಗೆ, ಆ ಹುಡುಗ ಊಟಕ್ಕೆ ಕೂತಿದ್ದ.

ಯಂತ್ರಕ್ಕೆ ಬ್ಯಾಂಕ್ ಸಾಲ ತೆಗೆದಿದ್ದೀರಾ?


ಸೀತಾಂಗೋಳಿ ಸುಮ್ನೆ
2020 ನವೆಂಬರ್ 19

ಇಷ್ಟು ಗಾಬರಿ ಯಾಕೆ ಮಾರಾಯ್ರೆ. ಸೆಪ್ಟೆಂಬರ್ ಇದ್ದದ್ದು ಡಿಸೆಂಬರ್ ಆಯಿತು, ಡಿಸೆಂಬರ್ ಇದ್ದದ್ದು ಮಾರ್ಚ್ ಆಗುತ್ತದೆ. ಕೊರೋನಾ ಎಲ್ಲಿ ಹೋಗಿದೆ? ಮತ್ತೆ ಸಭೆ ಆಗಿಲ್ಲದಿದ್ದರೆ ಹಳೇ ತಾರೀಕು ಹಾಕಿ ಮಿನಿಟ್ಸ್ ಬರೆದುಬಿಡಿ, ಮೂವರೂ ಮನೆಯವರೇ ಅಲ್ವಾ, ಯಾರು ಕೇಳುತ್ತಾರೆ. ಎಲ್ಲರೂ ಮಾಡುವುದೇ.


ಗಡಿನಾಡ ಲೆಕ್ಕಿಗ
2020 ನವೆಂಬರ್ 19

ಸುಮ್ನೆ ಅವರೇ, ನಿಮ್ಮ ಹೆಸರಿಗೆ ತಕ್ಕ ಸಲಹೆ.

ಮುಂದೆ ಹಾಕಲೂಬಹುದು, ಹಾಕದೆಯೂ ಇರಬಹುದು. ಹಾಕದಿದ್ದರೆ 2 ಲಕ್ಷ ನೀವು ಕೊಡುತ್ತೀರಾ? ಡಿಸೆಂಬರ್ ಕೊನೆಯ ವಾರ ಪೋರ್ಟಲ್ ಹೇಗಿರುತ್ತದೆ ಅಂತ ಈ ಕೆಲಸ ಮಾಡುವವರಿಗೆ ಗೊತ್ತು, ಫಾರ್ಮ್ ಏರುವುದಿಲ್ಲ, ಏರಿದರೆ ಚಲನ್ ಬರುವುದಿಲ್ಲ, ಹಣ ಹೋದರೆ ರಸೀದಿ ಬರುವುದಿಲ್ಲ.

ಹಳೇ ತಾರೀಕಿನ ವಿಷಯ. 2019 ಜುಲೈ 1ರಿಂದ ಆಡಿಟ್ ವರದಿಗೆ ಯುಡಿಐಎನ್ ಅನ್ನುವ ನಂಬರ್ ಬೇಕು, ಅದು ಆನ್‌ಲೈನಿನಲ್ಲಿ ತೆಗೆಯುವುದು, ಯಾವ ದಿನ ತೆಗೆದದ್ದು ಅಂತ ಅಲ್ಲಿ ಕೂತಿರುತ್ತದೆ. 2020 ಡಿಸೆಂಬರಿನಲ್ಲಿ ಆದ ಆಡಿಟ್ಟನ್ನು 2018 ಸೆಪ್ಟೆಂಬರಿನ ಸಭೆಯಲ್ಲಿ ಮಂಡಿಸಿದೆವು ಅಂತ ಬರೆದರೆ ಮೂರನೇ ಕ್ಲಾಸಿನ ಮಗುವೂ ಹಿಡಿಯುತ್ತದೆ. ಸಭೆ ಆಗದಿದ್ದರೆ ಆಗಲಿಲ್ಲ ಅಂತಲೇ ಹೇಳಲು ಕಾನೂನಿನಲ್ಲೇ ದಾರಿ ಇದೆ: ಯಾಕೆ ಆಗಲಿಲ್ಲ ಅನ್ನುವ ಹೇಳಿಕೆ ಸೇರಿಸಿ ಫಾರ್ಮ್ ಹಾಕಬಹುದು. ಆದರೆ ಹಾಳೆತಟ್ಟೆ ಅವರೇ, ಇದನ್ನು ಸರಿಯಾಗಿ ಕೇಳಿ. ಸ್ಕೀಮ್ ಕೊಡುವ ರಕ್ಷಣೆ ಫೈಲಿಂಗ್ ತಡವಾದದ್ದಕ್ಕೆ ಮಾತ್ರ. ವಾರ್ಷಿಕ ಸಭೆಯನ್ನೇ ನಡೆಸದ ತಪ್ಪು ಬೇರೆ ಕಲಮಿನದ್ದು, ಅದಕ್ಕೆ ಇದರಲ್ಲಿ ಮಾಫಿ ಇಲ್ಲ. ಅದನ್ನು ಆಮೇಲೆ ಹಣ ಕಟ್ಟಿ ಮುಗಿಸುವ ರಾಜಿ ಅರ್ಜಿ (ಕಾಂಪೌಂಡಿಂಗ್) ಹಾಕಿ ತೀರಿಸಿಕೊಳ್ಳಬೇಕಾಗಬಹುದು. ಆ ಭಯಕ್ಕೆ ಸುಳ್ಳು ಮಿನಿಟ್ಸ್ ಬರೆಯಬೇಡಿ. ತಡವಾದದ್ದು ತಪ್ಪು ಅಷ್ಟೇ, ಸುಳ್ಳು ದಾಖಲೆ ವಂಚನೆ ಆಗುತ್ತದೆ.


ಸೀತಾಂಗೋಳಿ ಸುಮ್ನೆ
2020 ನವೆಂಬರ್ 19

ಸರಿ ಸರಿ. ಗೊತ್ತಿರಲಿಲ್ಲ ಆ ನಂಬರಿನ ವಿಷಯ.


ಕುಂಬಳೆಯವ ಈಗ ಕೊಡಿಯಾಲದಲ್ಲಿ
2020 ನವೆಂಬರ್ 20

ಮುಂದೆ ಹಾಕುತ್ತಾರೆ ಅಂತ ಕಾಯುವವರಿಗೆ ಹಳೇ ಕಥೆ ಹೇಳುತ್ತೇನೆ, ನಾನು ಇದನ್ನು ಮೂರು ಸಲ ನೋಡಿದವ.

2014ರಲ್ಲಿ ಒಂದು ಸೆಟಲ್‌ಮೆಂಟ್ ಸ್ಕೀಮ್ ಬಂತು. ಆಗ ಲೇಟ್ ಫೀಯ ಶೇಕಡಾ 25 ಕಟ್ಟಬೇಕಿತ್ತು. ಅಕ್ಟೋಬರಿಗೆ ಮುಗಿಯಬೇಕಾದ್ದು ಡಿಸೆಂಬರ್ ಕೊನೆಯವರೆಗೆ ಹೋಯಿತು. ಇನ್ನೊಂದು ಬರುತ್ತದೆ ಅಂತ ಸುಮಾರು ಜನ ಕೂತರು. ಬಂದದ್ದು 2017. ಒಂದೇ ವರ್ಷದಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ರಿಜಿಸ್ಟರಿನಿಂದ ಅಳಿಸಿದರು, ಅವುಗಳ ಬ್ಯಾಂಕ್ ಖಾತೆಗೆ ತಡೆ, ಲಕ್ಷಗಟ್ಟಲೆ ಡೈರೆಕ್ಟರುಗಳು ಅನರ್ಹ. ನನ್ನ ಒಬ್ಬ ಗೆಳೆಯ ಯಾವುದೋ ಹಳೇ ಕಂಪನಿಯಲ್ಲಿ ಹೆಸರಿಗೆ ಮಾತ್ರ ಡೈರೆಕ್ಟರ್ ಆಗಿದ್ದವ, ಅದರಿಂದಾಗಿ ತನ್ನ ನಡೆಯುವ ಕಂಪನಿಯಲ್ಲಿ ಒಂದು ಚೆಕ್ಕಿಗೆ ಸಹಿ ಹಾಕಲು ಆಗದೆ ಕೂತ. ಆಮೇಲೆ 2018 ಜನವರಿಯಲ್ಲಿ ಕಂಡೊನೇಶನ್, ಅಂದರೆ ತಡ ಮನ್ನಿಸುವ ಸ್ಕೀಮ್ ಬಂತು. ಅದರಲ್ಲಿ ಮಾಫಿ ಎಲ್ಲಿ? ಲೇಟ್ ಫೀ ಪೂರ್ತಿ ಕಟ್ಟು, ಮೇಲಿನಿಂದ 30,000 ಕಟ್ಟು. ಅದು ಕೂಡಾ ಹೆಸರು ಅಳಿಸದ ಕಂಪನಿಗೆ. ಹೆಸರು ಅಳಿಸಿಹೋದವರು ಮೊದಲು ಕಂಪನಿ ಟ್ರಿಬ್ಯುನಲ್‌ಗೆ ಹೋಗಿ ಜೀವ ಬರಿಸಿಕೊಳ್ಳಬೇಕು.

ಪೂರ್ತಿ ಮಾಫಿ ಅಂತ ನಾನು ನೋಡಿದ್ದು ಇದೇ ಮೊದಲು. ಕೊರೋನಾ ಇಲ್ಲದಿದ್ದರೆ ಇದೂ ಬರುತ್ತಿರಲಿಲ್ಲ. ಹಾಗಂತ, ಸಿಟ್ಟು ಮಾಡಬೇಡಿ ಹಾಳೆತಟ್ಟೆ ಅವರೇ, ನಿಮ್ಮ 2017-18ರ ಬಾಕಿಗೂ ತಲಪಾಡಿಯ ಮಣ್ಣಿಗೂ ಏನೂ ಸಂಬಂಧ ಇಲ್ಲ. ಮಣ್ಣು ಬಿದ್ದದ್ದು ಆಮೇಲೆ. 😀

ಒಂದು ಮಾತು: ಹೆಸರು ಅಳಿಸುವ ಕೊನೆಯ ನೋಟಿಸ್ ಈಗಾಗಲೇ ಬಂದಿದ್ದರೆ ಈ ಸ್ಕೀಮ್ ಸಿಗುವುದಿಲ್ಲ. ಆ ಆಡಿಟರ್ ಮೇಲ್‌ನಲ್ಲಿ ಬಂದು ಬಿದ್ದಿದೆಯೋ ಏನೋ. ಮಾಸ್ಟರ್ ಡೇಟಾ ಇವತ್ತೇ ನೋಡಿ.


ಪೆರ್ಲದ ಹಾಳೆತಟ್ಟೆ
2020 ನವೆಂಬರ್ 20

ನೋಡಿದೆ. ಆಕ್ಟಿವ್ ನಾನ್-ಕಂಪ್ಲಯಂಟ್ ಅಂತಲೇ ಇದೆ, ಅಕ್ಕ ಹೇಳಿದ ಹಾಗೆ. ಅಳಿಸುವ ಮಾತು ಎಲ್ಲೂ ಇಲ್ಲ. ಮಣ್ಣಿನ ವಿಷಯ ಒಪ್ಪಿದೆ ಅಣ್ಣ, ಎಲ್ಲದಕ್ಕೂ ಕೊರೋನಾ ಅನ್ನುವುದು ಅಭ್ಯಾಸ ಆಗಿದೆ.

ಸಾಲ ತೆಗೆದಿದ್ದೆವು, ಹೈಡ್ರಾಲಿಕ್ ಪ್ರೆಸ್ಸಿಗೆ 8 ಲಕ್ಷ. ಕಳೆದ ವರ್ಷ ತೀರಿಸಿ ಆಯಿತು. ಆದರೆ ಅಲ್ಲಿ ಸಾಲ ಇನ್ನೂ ಇದೆ ಅಂತ ತೋರಿಸುತ್ತದೆ! ಮತ್ತೆ ಭಾವ ತಮ್ಮ ಕೈಯಿಂದ 6 ಲಕ್ಷ ಹಾಕಿದ್ದಾರೆ, ಅದು ಪುಸ್ತಕದಲ್ಲಿ ಸಾಲ ಅಂತ ಇದೆ. ಇದಕ್ಕೆ ಏನಾದರೂ ಉಂಟಾ?


ಗಡಿನಾಡ ಲೆಕ್ಕಿಗ
2020 ನವೆಂಬರ್ 21

ಉಂಟು, ಎರಡಕ್ಕೂ.

ಬ್ಯಾಂಕ್ ಸಾಲ ತೀರಿದ ಮೇಲೆ ಸಿಎಚ್‌ಜಿ-4 ಹಾಕಿ ಋಣಭಾರ ತೆಗೆಸಬೇಕಿತ್ತು. ಈ ಒಂದು ಜಾತಿಯ ಫಾರ್ಮುಗಳಿಗೆ ಸ್ಕೀಮ್ ಅನ್ವಯಿಸುವುದಿಲ್ಲ. ಅಧಿಕೃತ ಬಂಡವಾಳ ಹೆಚ್ಚಿಸುವ ಫಾರ್ಮಿಗೂ ಇಲ್ಲ. ಸಾಲ ತೀರಿದೆ ಅನ್ನುವ ಕಾಗದ ಬ್ಯಾಂಕಿನಿಂದ ತಂದು ಅದನ್ನು ಬೇರೆಯೇ ಮಾಡಿ, ಇದರ ಜೊತೆ ಕಲಸಬೇಡಿ. (ಕಂಪನಿ ಮುಚ್ಚಬೇಕು ಅಂದ ಭಾವನಿಗೆ ಹೇಳಿ, ಈ ಋಣಭಾರ ಹಾಗೇ ಇದ್ದರೆ ಮುಚ್ಚುವ ಅರ್ಜಿಯೂ ನಡೆಯುವುದಿಲ್ಲ.)

ಭಾವನ 6 ಲಕ್ಷ. ಅವರು ಡೈರೆಕ್ಟರ್ ಆದ್ದರಿಂದ ಅದು ಠೇವಣಿ ಅಂತ ಆಗುವುದಿಲ್ಲ, ಆದರೆ ಆ ಹಣ ತಾನು ಬೇರೆಯವರಿಂದ ಸಾಲ ತಂದು ಕೊಟ್ಟದ್ದಲ್ಲ ಅಂತ ಬರೆದುಕೊಟ್ಟಿರಬೇಕು. ಅದನ್ನು ತೋರಿಸಲು ಡಿಪಿಟಿ-3 ಅಂತ ಪ್ರತಿ ವರ್ಷ ಜೂನ್ 30ಕ್ಕೆ ಹಾಕುವುದಿದೆ. ಬಿಟ್ಟಿರುತ್ತೀರಿ, ಎಲ್ಲರೂ ಬಿಡುತ್ತಾರೆ. ಇದು ಸ್ಕೀಮಿನಲ್ಲಿ ಬರುತ್ತದೆ, ಈಗಲೇ ಹಾಕಿ.

ಸಾಲು ಹೀಗೆ ಇಟ್ಟುಕೊಳ್ಳಿ. ಸಹಿ ಮತ್ತು ಕೆವೈಸಿ. ಎಡಿಟಿ-1 ಹಾಕಿಲ್ಲದಿದ್ದರೆ ಅದು, ಯಾಕೆಂದರೆ ಲೆಕ್ಕಪತ್ರದ ಫಾರ್ಮ್ ಎಒಸಿ-4ರಲ್ಲಿ ಅದರ ನಂಬರ್ ಕೇಳುತ್ತದೆ. ಆಮೇಲೆ 2017-18ರ ಎಒಸಿ-4, ವಾರ್ಷಿಕ ರಿಟರ್ನಿನ ಎಂಜಿಟಿ-7. ಅದಾದ ಮೇಲೆ ಫೋಟೋದ ಫಾರ್ಮ್. ಕೊನೆಗೆ 2018-19. ಎಲ್ಲವನ್ನೂ ಒಟ್ಟಿಗೆ ಮಾಡಿಟ್ಟು ಒಂದೇ ದಿನ ಹಾಕುತ್ತೇನೆ ಅನ್ನಬೇಡಿ, ತಯಾರಾದ ಹಾಗೆ ಒಂದೊಂದೇ ಹಾಕುತ್ತಾ ಹೋಗಿ.


ಪುತ್ತಿಗೆ ಪಾರ್ಟ್ನರ್
2020 ನವೆಂಬರ್ 22

ನಡುವೆ ಬಾಯಿ ಹಾಕುತ್ತೇನೆ. ನಮ್ಮದು ಕಂಪನಿ ಅಲ್ಲ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ). ನಮಗೆ ಇದು ಉಂಟಾ?


ಗಡಿನಾಡ ಲೆಕ್ಕಿಗ
2020 ನವೆಂಬರ್ 22

ನಿಮಗೆ ಬೇರೆ ಸ್ಕೀಮ್, ಎಲ್‌ಎಲ್‌ಪಿ ಸೆಟಲ್‌ಮೆಂಟ್ ಸ್ಕೀಮ್ 2020. ಗಡುವು ಅದೇ ಡಿಸೆಂಬರ್ 31. ಲೆಕ್ಕದ ಫಾರ್ಮ್ 8, ವಾರ್ಷಿಕ ರಿಟರ್ನಿನ ಫಾರ್ಮ್ 11 ಬಾಕಿ ಇದ್ದರೆ ಲೇಟ್ ಫೀ ಇಲ್ಲದೆ ಹಾಕಬಹುದು. ನಿಮಗೂ ದಿನಕ್ಕೆ 100ರ ಮೀಟರೇ ಓಡುವುದು, ಹಾಗಾಗಿ ಕೂರಬೇಡಿ.


ಉಪ್ಪಳದಕ್ಕ
2020 ಡಿಸೆಂಬರ್ 12

ಹಾಳೆತಟ್ಟೆ, ಏನಾಯಿತು? ಸದ್ದೇ ಇಲ್ಲ.


ಪೆರ್ಲದ ಹಾಳೆತಟ್ಟೆ
2020 ಡಿಸೆಂಬರ್ 13

ಇದ್ದೇನೆ ಅಕ್ಕ. ಪಂಚಾಯತ್ ಎಲೆಕ್ಷನ್ ಗಲಾಟೆ ಒಂದು ಕಡೆ, ಇದು ಒಂದು ಕಡೆ. ಆಡಿಟರ್ ಸಿಕ್ಕಿದರು! ಜೆರಾಕ್ಸ್ ಅಂಗಡಿಯವನಿಂದಲೇ. ಬೆಂಗಳೂರಿಗೆ ಹೋಗಿದ್ದಾರೆ. ಹಳೇ ಬಾಕಿ 14,000 ಗೂಗಲ್ ಪೇ ಮಾಡಿದೆ, ಹತ್ತು ನಿಮಿಷದಲ್ಲಿ ಅವರಾಗಿಯೇ ಫೋನ್ ಮಾಡಿದರು. ಅವರೇ ಎರಡೂ ವರ್ಷಕ್ಕೆ ಸಹಿ ಮಾಡುತ್ತಾರಂತೆ. ಟ್ಯಾಲಿ ಕಳಿಸಿದ್ದೇನೆ. ಡಿಜಿಟಲ್ ಸಹಿ ಇಬ್ಬರದ್ದು ಬಂತು, ದೊಡ್ಡಪ್ಪನ ಮಗನದ್ದು ಹೆಸರಿನ ತಂಟೆಯಲ್ಲಿದೆ. ಇಬ್ಬರದ್ದು ಸಾಕು ಅಂದರು.


ಪೆರ್ಲದ ಹಾಳೆತಟ್ಟೆ
2021 ಮಾರ್ಚ್ 9

ಇಲ್ಲಿಗೆ ಬಂದು ಹೇಳದೆ ಇದ್ದದ್ದು ತಪ್ಪಾಯಿತು.

2017-18ರ ಎರಡೂ ಡಿಸೆಂಬರ್ 23ಕ್ಕೆ ಹೋದವು. ಚಲನಿನಲ್ಲಿ 400 ಅಂತ ಕಂಡಾಗ ಭಾವನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ, ಅವರಿಗೆ ನಂಬಿಕೆ ಬರಲಿಲ್ಲ, ಇನ್ನೊಂದು ಸೊನ್ನೆ ಬಿಟ್ಟುಹೋಗಿದೆ ನೋಡು ಅಂದರು. ಫೋಟೋದ ಫಾರ್ಮಿಗೆ ನಾನು ಅಂಗಿ ಇಸ್ತ್ರಿ ಮಾಡಿ ಕೂತದ್ದು, ಹಿಂದುಗಡೆ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದೂ ಬಂದಿದೆ. 2018-19ರದ್ದು ಕೊನೆಗೆ ಲೆಕ್ಕಿಗರು ಹೇಳಿದ ಹಾಗೇ ಆಯಿತು, 29, 30 ಎರಡು ರಾತ್ರಿ ಪೋರ್ಟಲ್ ತಿರುಗುತ್ತಾ ಕೂತಿತ್ತು. 31ರ ಬೆಳಿಗ್ಗೆ ಐದೂವರೆಗೆ ಎಂಜಿಟಿ-7 ಏರಿತು. ಹಾಲು ಕರೆಯಲು ಎದ್ದ ಅಮ್ಮ, ಯಾರು ಸತ್ತದ್ದು ಅಂತ ಕೇಳಿದರು, ಆ ಹೊತ್ತಿಗೆ ಲೈಟು ಹಾಕಿ ಕೂತದ್ದು ನೋಡಿ.

ಸಭೆ ಆಗಲಿಲ್ಲ ಅಂತಲೇ ಬರೆದು ಹೇಳಿಕೆ ಸೇರಿಸಿದ್ದೇವೆ. ಅದಕ್ಕೆ ಇವತ್ತಿನವರೆಗೆ ನೋಟಿಸ್ ಬಂದಿಲ್ಲ, ಬಂದರೆ ನೋಡೋಣ. 2019-20ರ ಸಭೆಯನ್ನು ಡಿಸೆಂಬರಿನಲ್ಲೇ ಸರಿಯಾಗಿ ಮಾಡಿದೆವು, ಎಒಸಿ-4ಕ್ಕೆ ಫೆಬ್ರವರಿ 15ರವರೆಗೆ ಬಿಟ್ಟರಲ್ಲಾ, ಅದರೊಳಗೆ ಹಾಕಿಯಾಯಿತು. ರಕ್ಷಣೆಯ ಫಾರ್ಮ್ ಕಳೆದ ವಾರ ಹಾಕಿ ಸರ್ಟಿಫಿಕೇಟ್ ಇಳಿಸಿಕೊಂಡೆ. ಆಡಿಟರ್ ಫೀ ಎಲ್ಲ ಸೇರಿ 40 ಸಾವಿರದ ಒಳಗೆ ಮುಗಿಯಿತು. ಸ್ಕೀಮ್ ಡಿಸೆಂಬರ್ 31ಕ್ಕೇ ನಿಂತಿತು, ಮುಂದೆ ಹಾಕಲಿಲ್ಲ. ಸುಮ್ನೆ ಅವರೇ, ಓದುತ್ತಿದ್ದೀರಲ್ಲಾ?

ಸಿಎಚ್‌ಜಿ-4 ಮಾತ್ರ ಬಾಕಿ. ಬ್ಯಾಂಕಿನ ಕಾಗದ ಮಂಗಳೂರಿನ ಶಾಖೆಯಿಂದ ಬರಬೇಕು, ತಲಪಾಡಿಯಲ್ಲಿ ಈಗ ಮತ್ತೆ ಆರ್‌ಟಿಪಿಸಿಆರ್ ಕೇಳುತ್ತಿದ್ದಾರೆ. ಈ ಸಲ ನಿಜವಾಗಿಯೂ ಕೊರೋನಾದಿಂದಲೇ ತಡ, ಕುಂಬಳೆಯ ಅಣ್ಣ ಗಮನಿಸಬೇಕು.